ಅಮಾವಾಸ್ಯೆಯ ದಿನ ಗೇಟು ಕಾದವಳು

ಮದುವೆ ಮನೆಯ ಊಟದ ಹಾಲ್‌ನಲ್ಲಿ ಒಗ್ಗರಣೆಯ ವಾಸನೆ ಬರಬೇಕು. ಹೋದ ತಿಂಗಳು ನನ್ನ ಮೂಗಿಗೆ ಬಡಿದದ್ದು ಮಿಷನ್ ಎಣ್ಣೆಯ ವಾಸನೆ. ಬೆಳಗಿನ ತಿಂಡಿಗೆ ಕೂರಲು ಹೋದವಳು ಅಲ್ಲೇ ನಿಂತುಬಿಟ್ಟೆ. ಭ್ರಮೆ ಇರಬೇಕು ಅಂದುಕೊಂಡು ಟೇಬಲ್ಲಿನ ಕೆಳಗೆ ಬಗ್ಗಿ ನೋಡಿದೆ. ಮುಂದಿನ ಹಾಲ್‌ಗೆಲ್ಲ ಬೆಳ್ಳಗೆ ಟೈಲ್ಸ್ ಹಾಕಿಸಿದ ಕಲ್ಯಾಣ ಮಂಟಪದ ಮಾಲೀಕ ಪುಣ್ಯಾತ್ಮ, ಊಟದ ಕಡೆ ನೆಲ ಯಾರು ನೋಡುತ್ತಾರೆ ಅಂತ ಹಳೆಯದನ್ನೇ ಬಿಟ್ಟಿದ್ದ. ಆ ನೆಲದ ಮೇಲೆ ಸಾಲು ಸಾಲಾಗಿ ಕಪ್ಪು ಕಲೆಗಳು. ಒಂದೊಂದು ಕಲೆಯೂ ಒಂದೊಂದು ಹೊಲಿಗೆ ಮಿಷನ್ ನಿಂತಿದ್ದ ಜಾಗ. ಬಾಳೆಲೆ ಹಾಸಿದ ಟೇಬಲ್ಲುಗಳನ್ನೂ ಅದೇ ಸಾಲಿನಲ್ಲೇ ಜೋಡಿಸಿದ್ದರು. ನನ್ನ ಕಾಲು ನನ್ನನ್ನು ಕೇಳದೆಯೇ ಕಿಟಕಿ ಪಕ್ಕದ ಸಾಲಿಗೆ ಹೋಗಿ, ನಾನು ಅಂಗಿಯ ಕಫ್ ಹೊಲಿಯುತ್ತಿದ್ದ ಜಾಗದಲ್ಲಿ ನಿಂತಿತ್ತು. ಅದರ ಮುಂದಿನ ಜಾಗ ಕಾಲರ್ ಹೊಲಿಯುತ್ತಿದ್ದ ಮುಮ್ತಾಜಳದು.

ಮುಮ್ತಾಜ್ ಆ ಹೊತ್ತಿಗೆ ಹೊರಗೆ, ಗೇಟಿನ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ಬಸ್ಸಿನಲ್ಲಿ ನನ್ನ ಜೊತೆಗೇ ಬಂದವಳು. ಅವಳನ್ನು ಯಾರೂ ಕರೆದಿರಲಿಲ್ಲ.

"ನೀನು ಓಗಿ ಉಂಡ್ಕಂಡು ಬಾ ಕಮ್ಲಾ. ನಾನು ಗೇಟ್ ನೋಡ್ಕಂಡು ಕುಂತಿರ್ತೀನಿ. ನಂಗೆ ಅದೇನು ಒಸ್ದಾ?" ಅಂದಿದ್ದಳು.

ನಾನಂತೂ ಈ ಮದುವೆಗೆ ಬರುವುದೇ ಬೇಡ ಅಂತಿದ್ದೆ. ಕ್ಯಾತನಹಳ್ಳಿಯ ಜಯಕ್ಕ ಮಗಳ ಮದುವೆಗೆ ಖುದ್ದು ಮನೆಗೆ ಬಂದು, ಕುಂಕುಮ ಇಟ್ಟು ಕರೆದಾಗ, ಮುಖಕ್ಕೆ ಹೊಡೆದ ಹಾಗೆ ಬರುವುದಿಲ್ಲ ಅನ್ನಬೇಕು ಅನಿಸಿತ್ತು. ಮುಮ್ತಾಜಳಿಗೆ ಫೋನು ಮಾಡಿ ಹೇಳಿದರೆ ಅವಳೇ "ಓಗೇ, ನಾನೂ ಬರ್ತೀನಿ" ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ. ಮದುವೆ ಎಲ್ಲಿ ಅಂತ ಅವಳಿಗೆ ಗೊತ್ತಿತ್ತು.

ನಾವು ಕೆಲಸಕ್ಕೆ ಬರುತ್ತಿದ್ದಾಗ ಇದು ಕಲ್ಯಾಣ ಮಂಟಪವಾಗಿರಲಿಲ್ಲ, ಗಾರ್ಮೆಂಟ್ಸ್ ಫ್ಯಾಕ್ಟರಿಯಾಗಿತ್ತು. ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ಕಡೆ ಬರುವಾಗ ಕಬ್ಬಿನ ಗದ್ದೆಗಳ ನಡುವೆ ಶೀಟಿನ ದೊಡ್ಡ ಕಟ್ಟಡ. ಬೆಳಗಾದರೆ ನಾಲ್ಕು ತಾಲ್ಲೂಕುಗಳಿಂದ ವ್ಯಾನುಗಳು ಬಂದು ನಮ್ಮನ್ನು ಗೇಟಿನ ಮುಂದೆ ಸುರಿದು ಹೋಗುತ್ತಿದ್ದವು. ಕೆ.ಆರ್.ಪೇಟೆ ಗಾಡಿ, ನಾಗಮಂಗಲದ ಗಾಡಿ, ಪಾಂಡವಪುರದ ಗಾಡಿ, ಅರಕೆರೆ ಗಾಡಿ ಅಂತ ನಮ್ಮನ್ನು ಗಾಡಿಯ ಹೆಸರಿನಿಂದಲೇ ಗುರುತಿಸುತ್ತಿದ್ದರು. ನಾನು ಹುಟ್ಟಿದ್ದು ಬೆಳ್ಳೂರಿನ ಹತ್ತಿರ, ಕಮ್ಮಾರಿಕೆ ಮಾಡುವ ಆಚಾರಿಗಳ ಮನೆಯಲ್ಲಿ. ಸೇರಿದ್ದು ಪಾಂಡವಪುರದ ಬಡಗಿಯೊಬ್ಬರ ಮನೆಗೆ. ಹಾಗಾಗಿ ಪಾಂಡವಪುರದ ಗಾಡಿ ನನ್ನದು. ಜಯಕ್ಕನೂ ಅದೇ ಗಾಡಿಯವಳು. ಮುಮ್ತಾಜ್ ಶ್ರೀರಂಗಪಟ್ಟಣದ ಗಂಜಾಮಿನವಳು. ಗಂಡ ಸತ್ತು, ತಾಯಿಯ ಜೊತೆ ಇದ್ದಳು. ಶೇರ್ ಆಟೋದಲ್ಲಿ ಬಂದು, ಎಲ್ಲರಿಗಿಂತ ಮೊದಲು ಗೇಟಿನ ಹತ್ತಿರ ನಿಂತು, "ಏನ್ರೇ ಮಹಾರಾಣೀರು, ಈಗ ಬರ್ತಾವ್ರೆ" ಅಂತ ಪ್ರತಿ ವ್ಯಾನನ್ನೂ ರೇಗಿಸುತ್ತಿದ್ದಳು.

ಆ ವರ್ಷ ಆಷಾಢ ಹುಟ್ಟಿದ ವಾರವೇ ಕಂಪನಿಯವರು ಗೇಟಿಗೆ ಒಂದು ಕಾಗದ ಅಂಟಿಸಿದರು. ಆರ್ಡರ್ ಇಲ್ಲ, ಘಟಕ ಮುಚ್ಚುತ್ತೇವೆ, ಕೊಟ್ಟದ್ದು ತಗೊಂಡು ಮನೆಗೆ ಹೋಗಿ. ಒಳಗೆ ಹೋಗಲು ಬಿಡಲಿಲ್ಲ. ಹಿಂದಿನ ದಿನ ಬಿಟ್ಟುಹೋಗಿದ್ದ ನಮ್ಮ ಕತ್ತರಿ, ಕೊಡೆ ಎಲ್ಲ ಒಳಗೇ ಇದ್ದವು. ಹೆಂಗಸರು ಅಳುತ್ತಾ ನಿಂತಿದ್ದಾಗ ಜಯಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾಂಪೌಂಡಿನ ಪಕ್ಕದ ಕಲ್ಲಿನ ಮೇಲೆ ಹತ್ತಿದಳು.

"ಅಳದು ನಿಲ್ಸಿ ಮೊದ್ಲು. ಮಿಷನ್ ಒಳ್ಗಿರೋಗಂಟ ನಾವು ಕೆಲ್ಸಗಾರ್ರು ಕಣ್ರವ್ವಾ. ಮಿಷನ್ ಆಚೆ ಓದ್ರೆ ನಾವು ಬೀದೀಲಿ ಕುಂತಿರೋ ಎಂಗುಸ್ರು, ಅಷ್ಟೇಯ. ಒಂದ್ ಮಿಷನ್ನೂ ಆಚೆ ಓಗ್ಬಾರ್ದು. ಕುಂತ್ಕಳಿ ಇಲ್ಲೇ."

ಕೂತೆವು. ಅಷ್ಟೇ ನಮ್ಮ ರಾಜಕೀಯ. ಆಮೇಲೆ ಮಂಡ್ಯದಿಂದ ಸಂಘದವರು ಬಂದರು, ಮೈಸೂರಿನಿಂದ ಕಾಲೇಜು ಹುಡುಗಿಯರು ಬಂದು ತಮಟೆ ಬಾರಿಸಿದರು, ಹಸಿರು ಟವಲ್ಲಿನ ರೈತರು ಬಂದು ಭಾಷಣ ಮಾಡಿದರು. ಎಲ್ಲರೂ ಒಳ್ಳೆಯವರೇ. ಸಂಜೆಯಾದರೆ ಎದ್ದು ಹೋಗುವರು. ನಾಲ್ಕು ಕಂಬ ನೆಟ್ಟು ಕಟ್ಟಿದ ಟಾರ್ಪಾಲಿನ ಕೆಳಗೆ ಸೋನೆ ಮಳೆಯಲ್ಲಿ ಉಳಿಯುತ್ತಿದ್ದವರು ನಾವು. ನೀರು ತುಂಬಿ ಟಾರ್ಪಾಲು ಜೋತುಬಿದ್ದಾಗ ಮುಮ್ತಾಜ್ ಕಬ್ಬಿನ ಜಲ್ಲೆಯಿಂದ ಅದನ್ನು ಮೇಲಕ್ಕೆ ತಿವಿಯುವಳು. ಒಂದು ಕಡೆಯವರ ತಲೆಯ ಮೇಲೆ ದಬದಬ ಸುರಿಯುವುದು. ಅವರು ಬೈಯುವರು, ಉಳಿದವರು ನಗುವರು.

ಗೇಟಿಗೆ ಹಾಕಿದ ಸರಪಳಿ ನಮ್ಮಪ್ಪನದು. ಅಪ್ಪ ಕುಲುಮೆಯ ಮುಂದೆ ಕೂತು ಕೈಯಾರೆ ಮಾಡಿದ್ದು. ಕಂಪನಿಯವರಿಗೆ ಒಳಗಿನ ಬೀಗ ಇದ್ದರೆ ನಮಗೆ ಹೊರಗಿನ ಬೀಗ ಇರಲಿ ಅಂತ ನಾನೇ ಊರಿಗೆ ಹೋಗಿ ತಂದೆ. "ಇದ್ನ ಕುಯ್ಯಕೆ ಬಂದೋನು ಸಂಜೆಗಂಟ ಕುಯ್ಬೇಕು ಕಣವ್ವಾ" ಅಂದಿದ್ದ ಅಪ್ಪ. ಬೀಗವನ್ನು ಪಾಂಡವಪುರದ ಅಂಗಡಿಯಲ್ಲಿ ಕೊಂಡೆ. ಹೊಸ ಬೀಗಕ್ಕೆ ಎರಡು ಕೀ. ಎರಡನ್ನೂ ಜಯಕ್ಕನ ಕೈಗೆ ಕೊಟ್ಟೆ. ಒಂದನ್ನು ಅವಳು ತಾಳಿಯ ದಾರಕ್ಕೆ ಕಟ್ಟಿಕೊಂಡಳು. ಇನ್ನೊಂದನ್ನು ಮನೆಯಲ್ಲಿ ಮೊಳೆಗೆ ನೇತುಹಾಕುತ್ತೇನೆ ಅಂದಳು. ಆಗ ಅಲ್ಲಿ ನಾವಿಬ್ಬರೇ ಇದ್ದೆವು. ಈ ಮಾತು ನೆನಪಿಟ್ಟುಕೊಳ್ಳಿ.

ಜಯಕ್ಕನ ಬಗ್ಗೆ ನನಗೆ ಈಗ ಎಷ್ಟು ಹೊಟ್ಟೆ ಉರಿದರೂ ಒಂದು ಮಾತು ಹೇಳಲೇಬೇಕು. ಅಂಥ ಗಟ್ಟಿಗಿತ್ತಿಯನ್ನು ನಾನು ಆಮೇಲೆ ಕಂಡಿಲ್ಲ. ಶ್ರಾವಣದಲ್ಲಿ ಒಂದು ದಿನ ಕಂಪನಿಯವರು ಲಾರಿ ತಂದಾಗ ಅದರ ಮುಂದೆ ಕೆಸರಿನಲ್ಲಿ ಅಂಗಾತ ಮಲಗಿಬಿಟ್ಟಳು. ಡ್ರೈವರು ಹಾರನ್ನು ಹೊಡೆದ. "ಒಡಿಲಾ, ಇನ್ನೂ ಒಡಿ. ನಮ್ಮೂರ್ಗೆ ಕೇಳುಸ್ಲಿ" ಅಂತ ಮಲಗಿದಲ್ಲಿಂದಲೇ ಕೂಗಿದಳು. ಲಾರಿ ಹಿಂದಕ್ಕೆ ಹೋಯಿತು. ಫ್ಲೋರ್ ಇನ್‌ಚಾರ್ಜ್ ಒಬ್ಬ ಇದ್ದ. ಕೆಲಸದ ದಿನಗಳಲ್ಲಿ ನಮ್ಮನ್ನು ಪಾಯಿಖಾನೆಗೆ ಬಿಡಲೂ ಲೆಕ್ಕ ಹಾಕುತ್ತಿದ್ದವನು. ಧರಣಿ ಶುರುವಾದ ಮೇಲೆ ಹೊರಗಿನ ನಲ್ಲಿಯ ನೀರನ್ನೂ ನಿಲ್ಲಿಸಿದ. ಜಯಕ್ಕ ಕ್ಯಾತನಹಳ್ಳಿಯಿಂದ ಟ್ರಾಕ್ಟರಿನಲ್ಲಿ ಡ್ರಮ್ಮುಗಟ್ಟಲೆ ನೀರು ತರಿಸಿ ಅವನ ಕಣ್ಣೆದುರಿಗೇ ಮುಖ ತೊಳೆದಳು.

ಊಟ ಒಂದೊಂದು ದಿನ ಒಂದೊಂದು ಗಾಡಿಯವರದು. ನಾಗಮಂಗಲದವರ ಹುರುಳಿ ಸಾರಿಗೆ ಎಲ್ಲರೂ ಕಾಯುವರು. ಕೆ.ಆರ್.ಪೇಟೆಯ ಸಾವಿತ್ರಿ ಮುದ್ದೆ ಕಟ್ಟಿದರೆ ತಂಗಳಾದರೂ ಬಿರಿಯುತ್ತಿರಲಿಲ್ಲ. ಮುಮ್ತಾಜಳೂ ಸಾವಿತ್ರಿಯೂ ಒಂದೇ ಚಾಪೆಯ ಮೇಲೆ ಮಲಗುವರು. ಸಾವಿತ್ರಿಗೆ ಜ್ವರ ಬಂದಾಗ ಮುಮ್ತಾಜ್ ತನ್ನ ಶಾಲನ್ನು ಅವಳಿಗೆ ಹೊದಿಸಿ, ತಾನು ಗೋಣಿಚೀಲ ಹೊದ್ದು ಕೂತಿದ್ದಳು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಆಮೇಲೆ ಆದದ್ದು ಬೇರೆ ಯಾರೋ ಗುರುತಿಲ್ಲದ ಜನರ ನಡುವೆ ಆದದ್ದಲ್ಲ.

ಪಿತೃಪಕ್ಷ ಬಂತು. ನಮ್ಮ ಕಡೆ ಮಾರ್ನಮಿ ಅಮಾವಾಸ್ಯೆಯ ದಿನ ಸತ್ತ ಹಿರಿಯರಿಗೆ ಎಡೆ ಇಡದ ಮನೆ ಇಲ್ಲ. ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಡಿಸಿ, ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಮನೆಯವರೆಲ್ಲ ಹೊರಗೆ ಕೂರುತ್ತೇವೆ. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಸೊಸೆ ಇಲ್ಲದೆ ಎಡೆ ಆಗುವುದಿಲ್ಲ. ಮನೆಯ ಗಂಡಸರು ಮೊದಲೇ ಹಲ್ಲು ಕಡಿಯುತ್ತಿದ್ದರು. ಅಮಾವಾಸ್ಯೆಗೂ ಬರದಿದ್ದರೆ ಇನ್ನು ಮನೆಗೇ ಬರಬೇಡ ಅಂತ ಎಷ್ಟೋ ಮಂದಿಗೆ ಹೇಳಿ ಕಳಿಸಿದ್ದರು.

"ಎಲ್ರೂ ಓಗಿ ಎಡೆ ಇಕ್ಬುಟ್ಟು ಬನ್ನಿ" ಅಂದಳು ಜಯಕ್ಕ. "ಕಂಪ್ನಿಯೋರು ಬಂದ್ರೆ?" ಅಂತ ನಾನು ಕೇಳಿದೆ.

"ಅಮಾಸೆ ದಿನ ಯಾವ್ ಲಾರಿಯೋನು ಬತ್ತಾನೆ ಯೋಳು? ಅವ್ನ್ಗೂ ಸತ್ತಿರೋ ಅಪ್ಪ ಅವ್ವ ಇರಕಿಲ್ವಾ? ಒರೆ ಒರೋನು ಯಾವನಾದ್ರೂ ಕೂಲಿಗೆ ಬತ್ತಾನಾ ಅವತ್ತು?"

ಎಲ್ಲರೂ ಹೌದು ಅಂದರು. ನನಗೂ ಹೌದು ಅನಿಸಿತು. ನಾಲ್ಕು ತಾಲ್ಲೂಕಿನಲ್ಲಿ ಹುಟ್ಟಿದ ಯಾರಿಗೂ ಆ ದಿನ ಲಾರಿಗೆ ಮಾಲು ತುಂಬುವ ಯೋಚನೆ ಬರುವುದಿಲ್ಲ. ಕಂಪನಿಯ ಲಾರಿ ನಾಲ್ಕು ತಾಲ್ಲೂಕಿನ ಆಚೆಯಿಂದಲೂ ಬರಬಹುದು ಅನ್ನುವುದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

"ಹೆಂಗಿದ್ರೂ ನಾನಿರ್ತೀನಲ್ಲಾ. ನಮ್ಗೆ ನಿಮ್ ಅಮಾಸೆ ಇಲ್ಲ. ಓಗ್ರೇ, ನಿಮ್ ಹಿರೀಕರ್ಗೆ ನನ್ ಸಲಾಮೂ ಯೋಳಿ" ಅಂದಳು ಮುಮ್ತಾಜ್. ಎಲ್ಲರೂ ನಕ್ಕರು. ಜಯಕ್ಕ ತಾಳಿಯ ದಾರದಿಂದ ಕೀ ಬಿಚ್ಚಿ, ಎಲ್ಲರ ಮುಂದೆ ಅವಳ ಕೈಗೆ ಕೊಟ್ಟಳು. ವಾಪಸ್ ಬರುವಾಗ ನನಗೆ ಏನು ತರುತ್ತೀರಿ ಅಂತ ಮುಮ್ತಾಜ್ ಕೇಳಿದಳು. ಉಳಿದವರದೆಲ್ಲ ಕೋಳಿ, ಕುರಿ. ಹಲಾಲ್ ಅಲ್ಲದ್ದನ್ನು ಅವಳು ಮುಟ್ಟುವುದಿಲ್ಲ. ನಮ್ಮ ಮನೆಯಲ್ಲಿ ಮಾಂಸವಿಲ್ಲ, ವಡೆ ಪಾಯಸ. ನಿನ್ನ ಎಡೆ ನನ್ನ ಜವಾಬ್ದಾರಿ ಅಂದೆ.

ಅಮಾವಾಸ್ಯೆಯ ದಿನ ಮಧ್ಯಾಹ್ನ ನಮ್ಮತ್ತೆ ಎಡೆ ಇಟ್ಟು ಬಾಗಿಲು ಮುಂದೆ ಮಾಡಿದರು. ನಾವೆಲ್ಲ ಜಗುಲಿಯ ಮೇಲೆ ಕೂತೆವು. ನನ್ನ ಫೋನು ಒಳಗೆ ಗೂಡಿನಲ್ಲಿ ಚಾರ್ಜಿಗೆ ಹಾಕಿತ್ತು. ಅದು ಬಡಿದುಕೊಳ್ಳಲು ಶುರುವಾಯಿತು. ನಿಂತಿತು. ಮತ್ತೆ ಬಡಿದುಕೊಂಡಿತು. ನಾನು ಎದ್ದೆ. ಅತ್ತೆ ನನ್ನ ಸೆರಗು ಹಿಡಿದರು.

"ಹಿರೀಕರು ಉಣ್ತಾವ್ರೆ. ಈಗ ಬಾಗ್ಲು ತಗ್ದೀಯಾ? ನಿನ್ ಸ್ಟ್ರೈಕು ಮನೆ ತೊಳ್ದೋಗ!"

ಕೂತೆ. ಆ ಹೊತ್ತಿನಲ್ಲಿ ಎಷ್ಟು ಊರುಗಳ ಎಷ್ಟು ಮನೆಗಳಲ್ಲಿ, ಮುಚ್ಚಿದ ಬಾಗಿಲ ಹಿಂದೆ, ಸತ್ತವರ ಮುಂದೆ ಫೋನುಗಳು ಹೀಗೆ ಬಡಿದುಕೊಂಡವೋ. ಮುಮ್ತಾಜ್ ಯಾರನ್ನೂ ಬಿಟ್ಟಿರಲಿಲ್ಲ. ಬಾಗಿಲು ತೆಗೆದ ಮೇಲೆ ನಾನು ವಾಪಸ್ ಫೋನು ಮಾಡಿದರೆ ಅವಳು ಎತ್ತಲಿಲ್ಲ. ಡಬ್ಬಿಗೆ ವಡೆ ಪಾಯಸ ತುಂಬಿಕೊಂಡು ಸಿಕ್ಕಿದ ಆಟೋ ಹತ್ತಿದೆ.

ಗೇಟು ತೆರೆದಿತ್ತು. ನಮ್ಮಪ್ಪನ ಸರಪಳಿ ನೆಲದ ಮೇಲೆ ಬಿದ್ದಿತ್ತು. ಕುಯ್ದಿರಲಿಲ್ಲ, ಒಡೆದಿರಲಿಲ್ಲ. ಬೀಗ ತೆರೆದು ಪಕ್ಕಕ್ಕೆ ಇಟ್ಟಿದ್ದರು. ಅಂಗಳದ ಕೆಸರಿನಲ್ಲಿ ಲಾರಿಗಳ ಗಾಲಿ ಗುರುತು. ಹಿಂದಿನ ಸಣ್ಣ ಬಾಗಿಲಿನಿಂದ ಹೋಗಿ ಮಿಷನ್ನುಗಳನ್ನು ಮೊದಲೇ ಬಿಚ್ಚಿ ಕಟ್ಟಿಟ್ಟಿದ್ದರಂತೆ, ತುಂಬುವುದೊಂದೇ ಬಾಕಿ ಇತ್ತಂತೆ. ಇಡೀ ಹಾಲ್ ಬೋಳಾಗಿತ್ತು.

ಮುಮ್ತಾಜ್ ಟಾರ್ಪಾಲಿನ ಕಂಬಕ್ಕೆ ಒರಗಿ ಕೂತಿದ್ದಳು. ಎಡಗೈಗೆ ನಮ್ಮ ಕೆಂಪು ಬ್ಯಾನರನ್ನು ಹರಿದು ಸುತ್ತಿಕೊಂಡಿದ್ದಳು. ಬಟ್ಟೆ ಕೆಂಪಾಗಿದ್ದರಿಂದ ರಕ್ತ ಎಷ್ಟು ಅಂತ ನನಗೆ ಮೊದಲು ತಿಳಿಯಲೇ ಇಲ್ಲ.

"ಪುಟ್ಟಸ್ವಾಮಿ" ಅಂದಳು. "ಕೀ ತಂದಿದ್ದ ಕಮ್ಲಾ. ಜೇಬಿಂದ ತಗ್ದು ಬೀಗ ತಗ್ದ. ನನ್ ಕೀ ಇಲ್ಲೇ ಅದೆ, ನೋಡು."

ಬಲಗೈ ಬಿಚ್ಚಿದಳು. ಜಯಕ್ಕ ಕೊಟ್ಟ ಕೀ ಅಂಗೈಯೊಳಗೇ ಇತ್ತು. ಪುಟ್ಟಸ್ವಾಮಿ ಅಂದರೆ ಜಯಕ್ಕನ ಗಂಡನ ತಮ್ಮ. ನಮ್ಮ ಫ್ಯಾಕ್ಟರಿಯ ಸೆಕ್ಯೂರಿಟಿ ಗಾರ್ಡು. ಅಣ್ಣ ತಮ್ಮ ಇರುವುದು ಒಂದೇ ಮನೆಯಲ್ಲಿ, ಒಂದೇ ಒಲೆ. ಲಾರಿಗಳು ಒಳಗೆ ಹೋದ ಮೇಲೆ ಅವನು ಗೇಟಿನ ಎರಡೂ ಬಾಗಿಲು ಮುಚ್ಚಲು ಬಂದ. ಮುಮ್ತಾಜ್ ನಡುವೆ ಕೈ ಹಾಕಿ ಹಿಡಿದಳು. ತಗಿಯಮ್ಮಾ ಅಂತ ಒಂದು ಸಲ ಹೇಳಿದನಂತೆ. ಅವಳು ತೆಗೆಯಲಿಲ್ಲ. ಭುಜ ಕೊಟ್ಟು ತಳ್ಳಿದ. ಕಬ್ಬಿಣದ ಗೇಟು.

ಆಸ್ಪತ್ರೆಯಲ್ಲಿ ಬೆರಳುಗಳನ್ನು ಉಳಿಸಿದರು. ಮಡಚಲು ಮಾತ್ರ ಬರುವುದಿಲ್ಲ ಅಂದರು. ಕಾಲರ್ ಹೊಲಿಯುವವಳಿಗೆ ಎಡಗೈ ಬೆರಳು ಮಡಚದಿದ್ದರೆ ಬಟ್ಟೆ ತಿರುಗಿಸುವುದು ಹೇಗೆ? ಡಾಕ್ಟರಿಗೆ ಅದು ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಅಳಲಿಲ್ಲ. ನಾನು ತಂದ ಪಾಯಸ ಕೇಳಿ ತಿಂದಳು.

ಮಾರನೆಯ ಬೆಳಿಗ್ಗೆ ಬಸ್ಸು ಆಟೋ ಹಿಡಿದು ಎಲ್ಲರೂ ಬಂದರು. ಬೋಳು ಹಾಲ್ ನೋಡಿ ಎದೆ ಎದೆ ಬಡಿದುಕೊಂಡರು. ಆಮೇಲೆ ಬೀಗ ನೋಡಿದರು. ಕೀ ಹಾಕಿ ತೆರೆದ ಬೀಗ. ಕೀ ಯಾರ ಹತ್ತಿರ ಇತ್ತು ಅಂತ ಒಬ್ಬಳು ಕೇಳಿದಳು. ಎಲ್ಲರ ಮುಖ ಮುಮ್ತಾಜಳ ಕಡೆ ತಿರುಗಿತು. ಕೈಗೆ ಬಿಳಿ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಯಿಂದ ನೇರವಾಗಿ ಧರಣಿಗೆ ಬಂದಿದ್ದಳು ಪಾಪ.

ಅವಳು ನಡೆದದ್ದು ನಡೆದ ಹಾಗೆ ಹೇಳಿದಳು. ಪುಟ್ಟಸ್ವಾಮಿಯ ಹೆಸರು ಬಂದ ಕೂಡಲೇ ಜಯಕ್ಕ ಬೆಂಕಿಯಾದಳು.

"ನನ್ ಮೈದ್ನನಾ? ಅವ್ನು ನೆನ್ನೆ ಮನೇಲಿ ಎಡೆ ಮುಂದೆ ಕೈ ಮುಗ್ಕಂಡು ನಿಂತಿದ್ದ. ನಮ್ ಮಾವ ಅತ್ತೆ ಎಡೆ ಮ್ಯಾಲೆ ಆಣೆ. ಸತ್ತಿರೋ ನಮ್ ಹಿರೀಕರ್ ಮ್ಯಾಲೆ ಆಣೆ."

ನಾನು ಸುಮ್ಮನಿರುವ ಜಾತಿಯವಳಲ್ಲ. "ಬೀಗಕ್ಕೆ ಎರಡು ಕೀ ಇದ್ದೋ ಜಯಕ್ಕಾ. ಎರಡೂ ನಿನ್ ಕೈಗೇ ಕೊಟ್ಟಿದ್ದೆ. ಮೊಳೇಲಿ ಇದ್ದದ್ದೆಲ್ಲಿ?" ಅಂತ ಅರಚಿದೆ.

ಜಯಕ್ಕ ನನ್ನ ಮುಖ ನೋಡಲಿಲ್ಲ. "ಅದು ಶ್ರಾವಣದಲ್ಲೇ ಕಳ್ದೋಯ್ತು. ಕೆಸ್ರಲ್ಲಿ ಮಲಗಿದ್ನಲ್ಲ ಅವತ್ತು. ಎಲ್ಲೋ ಬಿದ್ದೋಯ್ತು" ಅಂದಳು.

ಆ ಕೆಸರನ್ನು ಎಲ್ಲರೂ ನೋಡಿದ್ದರು. ಅವಳು ಅದರಲ್ಲಿ ಮಲಗಿದ್ದು ಎಲ್ಲರಿಗಾಗಿ. ಅದರ ಮುಂದೆ ನನ್ನ ಮಾತು ಯಾವ ಲೆಕ್ಕ? ನಾಲ್ಕು ತಾಲ್ಲೂಕಿನ ಹೆಂಗಸರು ಹಿರಿಯರ ಆಣೆಯನ್ನು ನಂಬಿದರು. ಆಣೆ ಇಡಲು ಮುಮ್ತಾಜಳಿಗೆ ಅಮಾವಾಸ್ಯೆಯ ಎಡೆ ಇರಲಿಲ್ಲ. ಅಲ್ಲಾನ ಮೇಲೆ ಅಂದಳು. ಅದನ್ನು ಕೇಳಿಸಿಕೊಂಡವರು ಯಾರೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ 'ಅಂತೆ'ಗಳು ಶುರುವಾದವು. ಲಾರಿ ಡ್ರೈವರು ಅವರ ಪೈಕಿಯವನಂತೆ. ಅವಳಿಗೆ ಬೇರೆ ಊರಿನ ಘಟಕದಲ್ಲಿ ಕೆಲಸ ಕೊಡುತ್ತಾರಂತೆ. ನಮ್ಮ ಅಮಾವಾಸ್ಯೆ ದಿನ ಅವಳೊಬ್ಬಳೇ ಉಳಿದಳಲ್ಲ, ಮೊದಲೇ ಮಾತಾಗಿತ್ತಂತೆ. ಕೈಗೆ ಕಟ್ಟಿದ ಪಟ್ಟಿ ನಾಟಕವಂತೆ. ತಿಂಗಳುಗಟ್ಟಲೆ ಒಂದೇ ತಟ್ಟೆಯಿಂದ ತಿಂದ ಬಾಯಿಗಳು.  ಆ ಸಂಜೆ ಸಾವಿತ್ರಿ ತನ್ನ ಚಾಪೆಯನ್ನು ಎತ್ತಿಕೊಂಡು ಹೋಗಿ ಇನ್ನೊಂದು ಕಂಬದ ಹತ್ತಿರ ಹಾಸಿದಳು.

ಧರಣಿ ನಿಲ್ಲಲಿಲ್ಲ. ಮಿಷನ್ನು ಹೋದರೂ ಕಟ್ಟಡ ಇದೆ ಅಂತ ಸಂಘದವರು ಹೇಳಿದರು. ಲೇಬರ್ ಆಫೀಸಿನಲ್ಲಿ ಮಾತುಕತೆ ನಡೆಯುತ್ತಿತ್ತು. ದಿನದಿನಕ್ಕೂ ಜನ ಕಡಿಮೆಯಾದರು. ಮಳೆ ಹೋಗಿ ಚಳಿ ಬಂತು. ಎದುರಿನ ಗದ್ದೆಯಲ್ಲಿ ಕಬ್ಬು ಕಡಿದರು, ಗಾಳಿಗೆ ತರಗು ಹಾರಿಬಂದು ನಮ್ಮ ಚಾಪೆಗಳ ಮೇಲೆ ಬೀಳುತ್ತಿತ್ತು. ಮುಮ್ತಾಜ್ ಒಂದು ದಿನವೂ ತಪ್ಪಿಸಲಿಲ್ಲ. ಎಲ್ಲರಿಗಿಂತ ಮೊದಲೇ ಬಂದು ಗೇಟಿನ ಹತ್ತಿರ ಕೂರುವಳು. ರೇಗಿಸುವುದು ನಿಂತಿತ್ತು. ಘೋಷಣೆ ಕೂಗಿದಾಗ ಎಲ್ಲರೂ ಕೈ ಎತ್ತುವರು, ಅವಳು ಬಲಗೈ ಎತ್ತುವಳು. ಊಟ ಬಡಿಸುವವರು ಅವಳ ಮುಂದೆ ತಟ್ಟೆ ಇಟ್ಟು, ಮಾತಾಡದೆ ಮುಂದಕ್ಕೆ ಹೋಗುವರು. ಉಣ್ಣದಿದ್ದರೆ ಕೊಬ್ಬು ಅನ್ನುವರು, ಉಂಡರೆ ನಾಚಿಕೆಯಿಲ್ಲ ಅನ್ನುವರು.

"ಯಾಕ್ ಬತ್ತೀಯೇ ಮಾರಾಯ್ತಿ? ಇವ್ರ ಮುಂದೆ ಯಾಕ್ ಕುಂತ್ಕತೀಯ? ಮನೇಲಿರು" ಅಂತ ನಾನು ಒಂದು ದಿನ ತಡೆಯಲಾರದೆ ಬೈದೆ.

"ಅರೇ, ನಾನ್ ಮನೇಲಿ ಕುಂತ್ರೆ ಅವ್ರು ಯೋಳಿದ್ದು ನಿಜ ಆಯ್ತದಲ್ಲಾ. ಮತ್ತೆ, ಮಿಷನ್ ನಂದೂ ಓಗದೆ ಅಲ್ವಾ? ನಂಗೆ ಸ್ಟ್ರೈಕ್ ಮಾಡೋ ಹಕ್ಕಿಲ್ವಾ?" ಅಂದಳು.

ಸಂಕ್ರಾಂತಿಗೆ ಎಲ್ಲ ಮುಗಿಯಿತು. ಏನೋ ಒಂದಿಷ್ಟು ಕೊಟ್ಟರು, ಎಲ್ಲರೂ ಇಸಿದುಕೊಂಡೆವು. ಗೆದ್ದೆವು ಅಂತ ಭಾಷಣವಾಯಿತು. ಕೊನೆಯ ದಿನ ಹೆಂಗಸರು ಹಬ್ಬದ ಎಳ್ಳು ತಂದಿದ್ದರು. ಒಬ್ಬರಿಗೊಬ್ಬರು ಕೊಟ್ಟು ತಬ್ಬಿಕೊಂಡು ಅತ್ತರು. ತಟ್ಟೆ ಹಿಡಿದ ಜಯಕ್ಕ ಸಾಲಿನಲ್ಲಿ ಎಲ್ಲರಿಗೂ ಕೊಡುತ್ತಾ ಬಂದು, ಮುಮ್ತಾಜಳ ಹತ್ತಿರ ಬಂದಾಗ ಯಾರೋ ಕರೆದ ಹಾಗೆ ಹಿಂದಕ್ಕೆ ತಿರುಗಿದಳು. ಯಾರೂ ಕರೆದಿರಲಿಲ್ಲ. ಅವಳನ್ನು ದಾಟಿ ನನ್ನ ಮುಂದೆ ತಟ್ಟೆ ಹಿಡಿದಳು. ನಾನು ತಟ್ಟೆಯನ್ನು ತಳ್ಳಿದೆ. ಎಳ್ಳು ನೆಲದ ಪಾಲಾಯಿತು. ಹಬ್ಬದ ದಿನ ಹೀಗೆ ಮಾಡಬಹುದಾ ಅಂತ ಎಲ್ಲರೂ ನನ್ನನ್ನೇ ಬೈದರು.

ಮದುವೆ ಮನೆಯಲ್ಲಿ ತಿಂಡಿಗೆ ಕೂತವಳಿಗೆ ಹೀಗೆ ಒಂದಾದ ಮೇಲೊಂದು ತಲೆಗೆ ಬಂತು. ಎಲೆಯ ಮುಂದಿನಿಂದ ಎದ್ದು ಹೊರಗೆ ಬಂದೆ. ಗೇಟು ಅದೇ ಹಳೆಯದು. ಬಣ್ಣ ಬಳಿದು, ಎರಡೂ ಕಡೆ ಬಾಳೆಕಂಬ ಕಟ್ಟಿದ್ದರು. ಗೇಟಿನ ಪಕ್ಕ ರೇಷ್ಮೆ ಪಂಚೆ ಉಟ್ಟು, ಬಂದವರಿಗೆ ಪನ್ನೀರು ಚಿಮುಕಿಸುತ್ತಾ ನಿಂತಿದ್ದವನು ಪುಟ್ಟಸ್ವಾಮಿ. ಮದುವೆ ಹೆಣ್ಣಿನ ಚಿಕ್ಕಪ್ಪ. ಕೂದಲು ನೆರೆತಿದೆ. ನಾನು ಬರುವ ಹೊತ್ತಿಗೆ ಮುಮ್ತಾಜ್ ಬೆಂಚಿನಿಂದ ಎದ್ದು ರಸ್ತೆ ದಾಟಿ ಗೇಟಿನ ಮುಂದೆ ನಿಂತಿದ್ದಳು. ಪುಟ್ಟಸ್ವಾಮಿ ಚಿಮುಕಿಸುವುದು ನಿಲ್ಲಿಸಿ ಪನ್ನೀರದಾನಿಯನ್ನು ಎದೆಗೆ ಒತ್ತಿ ಹಿಡಿದಿದ್ದ. ಯಾರೋ ಒಳಗೆ ಹೋಗಿ ಹೇಳಿರಬೇಕು. ಜಯಕ್ಕ ರೇಷ್ಮೆ ಸೀರೆಯಲ್ಲಿ ಬೆವರುತ್ತಾ ಓಡಿಬಂದಳು.

"ಬಾ ಮುಮ್ತಾಜ್, ಒಳಿಕ್ಕೆ ಬಾ. ಬಾಗ್ಲಲ್ಲಿ ಯಾಕ್ ನಿಂತೆ?"

"ಬತ್ತೀನಿ ಜಯಕ್ಕಾ. ಅಮಾಸೆ ದಿನ ಗೇಟ್ ತಗ್ದೋರು ಯಾರು ಅಂತ ಒಳ್ಗಿರೋರ್ ಮುಂದೆ ಒಂದ್ ಮಾತ್ ಯೋಳು. ಕೆ.ಆರ್.ಪೇಟೆ, ನಾಗ್ಮಂಗ್ಲ, ಅರಕೆರೆ, ಎಲ್ಲಾ ಗಾಡಿಯೋರೂ ಬಂದವ್ರೆ. ನಾನೇ ಎಣಿಸ್ದೆ ಬೆಂಚಲ್ಲಿ ಕುಂತು. ಇಷ್ಟ್ ಜನ ಮತ್ತೆ ಸೇರಕಿಲ್ಲ."

ಜಯಕ್ಕ ಸುತ್ತ ನೋಡಿದಳು. ದನಿ ತಗ್ಗಿಸಿದಳು.

"ಅವತ್ತು ಸಂಜೆ ನೋಡಿದ್ರೆ ಕೀ ಮೊಳೇಲೇ ಇತ್ತು ಕಣೆ. ಕೆಸ್ರು ಮೆತ್ಕಂಡಿತ್ತು. ಅವಾಗ್ಲೇ ಗೊತ್ತಾಯ್ತು ನಂಗೆ. ಒಂದೇ ಮನೆ ಕಣವ್ವಾ, ಅವನ್ನ ಎಲ್ಲಿಗ್ ಆಕ್ಲಿ? ನಿಂಗ್ ಗೊತ್ತು, ನಂಗ್ ಗೊತ್ತು, ದ್ಯಾವ್ರಿಗೆ ಗೊತ್ತು. ಸಾಕು ಬುಡು. ಇವತ್ತು ನನ್ ಮಗಳ್ ಧಾರೆ."

ಅಂದರೆ ಆಣೆ ಇಡುವಾಗಲೇ ಗೊತ್ತಿತ್ತು. ಸತ್ತ ಅತ್ತೆ ಮಾವನ ಮೇಲೆ, ಗೊತ್ತಿದ್ದೂ ಗೊತ್ತಿದ್ದೂ. 

"ದ್ಯಾವ್ರು ನನ್ ಪಕ್ಕದಲ್ಲಿ ಚಾಪೆ ಆಕ್ಕಂಡು ಮಲಗಿರ್ಲಿಲ್ಲ ಜಯಕ್ಕಾ. ಅವ್ರು ಮಲಗಿದ್ರು. ಅವ್ರಿಗ್ ಯೋಳು" ಅಂದಳು ಮುಮ್ತಾಜ್.

ಒಳಗಿನಿಂದ ಯಾರೋ "ಜಯಕ್ಕಾ, ಮುಹೂರ್ತ ಆಯ್ತು, ಬಾರವ್ವಾ" ಅಂತ ಕೂಗಿದರು. ಜಯಕ್ಕ ಕಣ್ಣೊರೆಸಿಕೊಂಡ ಹಾಗೆ ಮಾಡಿ ತಿರುಗಿದಳು. ಹೋಗುತ್ತಾ ಮೈದುನನಿಗೆ, "ಗೇಟ್ ಮುಂದಕ್ ಮಾಡ್ಲಾ. ಗಲಾಟೆ ಬ್ಯಾಡ" ಅಂದಳು.

ಪುಟ್ಟಸ್ವಾಮಿ ಪನ್ನೀರದಾನಿ ಕೆಳಗಿಟ್ಟು ಗೇಟಿನ ಎರಡೂ ಬಾಗಿಲು ಹಿಡಿದ. ಮುಮ್ತಾಜ್ ಬಲಗೈಯನ್ನು ಆ ಎರಡು ಬಾಗಿಲುಗಳ ನಡುವೆ ಇಟ್ಟಳು. ಸೊಟ್ಟಗಾದ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು.

"ಆಕು ಪುಟ್ಸಾಮಿ. ಇದೊಂದು ಉಳ್ದದೆ."

ಒಳಗೆ ಗಟ್ಟಿಮೇಳ ಶುರುವಾಯಿತು. ನಾನು ಅವಳ ಭುಜ ಹಿಡಿದು ಎಳೆದೆ, ಅವಳು ಕದಲಲಿಲ್ಲ. ಪುಟ್ಟಸ್ವಾಮಿ ಬಾಗಿಲುಗಳನ್ನು ಹಿಡಿದೇ ನಿಂತಿದ್ದ. ತಳ್ಳಲಿಲ್ಲ, ಬಿಡಲೂ ಇಲ್ಲ. ವಾಲಗದವರು ಬಾರಿಸಿ ನಿಲ್ಲಿಸುವವರೆಗೂ ಮೂವರೂ ಹಾಗೇ ನಿಂತಿದ್ದೆವು.

ಧಾರೆ ಮುಗಿದು ಅಕ್ಷತೆ ಹಾಕಿದವರು ಮೊದಲ ಬಸ್ಸಿಗೆ ಹೊರಡಲು ಹೊರಗೆ ಬಂದರು. ಗೇಟಿನಲ್ಲಿ ಒಬ್ಬೊಬ್ಬರೇ ಹೋಗುವಷ್ಟು ಸಂದು. ಆ ಸಂದಿನಲ್ಲಿ ಕೈ. ಹಳೆಯ ಗಾಡಿಗಳ ಹೆಂಗಸರೆಲ್ಲ ತಾಂಬೂಲದ ಚೀಲ ಹಿಡಿದು ಬಂದು, ಪುಟ್ಟಸ್ವಾಮಿಯನ್ನು ನೋಡಿ, ಗೇಟು ನೋಡಿ, ಕೈ ನೋಡಿ, ನಿಂತರು. ಅಮಾವಾಸ್ಯೆಯ ಮಾರನೆಯ ದಿನ ಮುಮ್ತಾಜ್ ಹೇಳಿದ್ದೇ ಅವರ ಕಣ್ಣೆದುರಿಗೆ ನಿಂತಿತ್ತು. ಎಷ್ಟೋ ಮಂದಿ ತಲೆ ತಗ್ಗಿಸಿ, ಮೈ ಕುಗ್ಗಿಸಿ, ಆ ಕೈಗೆ ತಗುಲದ ಹಾಗೆ ದಾಟಿಕೊಂಡು ಹೋದರು.

ಕೊನೆಗೆ ಬಂದವಳು ಕೆ.ಆರ್.ಪೇಟೆಯ ಸಾವಿತ್ರಿ. ದಾಟಲಿಲ್ಲ.  ತಾಂಬೂಲದ ಚೀಲವನ್ನು ನೆಲಕ್ಕಿಟ್ಟು, ಪುಟ್ಟಸ್ವಾಮಿಯ ಕೈಗಳನ್ನು ಒಂದೊಂದಾಗಿ ಗೇಟಿನಿಂದ ಬಿಡಿಸಿದಳು.

"ಬಸ್ ಎಷ್ಟೊತ್ಗೆ ಮುಮ್ತಾಜ್?" ಅಂದಳು.

ಮುಮ್ತಾಜ್ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಕೈ ತೆಗೆದು, ಸೆರಗಿಗೆ ಒರೆಸಿಕೊಂಡು, "ನಡಿ ಕಮ್ಲಾ" ಅಂದಳು.